ಮಗುವಿನ ಕಿಡ್ನಿ ಊದಿದೆ ಎಂದು ರಿಪೋರ್ಟ್ ಬಂದಾಗ: ಯಾವ ಸ್ಕ್ಯಾನ್, ಯಾವಾಗ, ಯಾಕೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ಐದನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಮೈಸೂರಿಗೆ ಬರುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಮಗೀನ ಕಿಡ್ನೀಲಿ ನೀರು ತುಂಬ್ಕಂಡದಂತೆ ಸಾ, ಆಪ್ರೇಸನ್ ಮಾಡಿಸ್ಬೇಕಾ?” ಬಹುಪಾಲು ಮಕ್ಕಳಿಗೆ ಬೇಕಾಗುವುದಿಲ್ಲ. ಕೆಲವರ ವಿಷಯದಲ್ಲಿ ಹುಟ್ಟಿದ ಮೇಲೆ ನೋಡಿಯೇ ಹೇಳಬೇಕು. ತೀರ ಅಪರೂಪಕ್ಕೆ, ಹುಟ್ಟಿದ ದಿನವೇ ಕೈಹಾಕಬೇಕಾದ ಮಗುವೂ ಇರುತ್ತದೆ. ಈ ಮೂರು ಬಗೆಯವರನ್ನು ಬೇರೆ ಬೇರೆ ಮಾಡುವ ಕೆಲಸವೇ ನಮ್ಮ ರೇಡಿಯಾಲಜಿ ವಿಭಾಗದ್ದು.

ತಂದೆತಾಯಿಗಳು, ಆಶಾ ಕಾರ್ಯಕರ್ತೆಯರು, ಸ್ಕ್ಯಾನಿಂಗ್ ಕಲಿಯಲು ಈಗಷ್ಟೇ ಕೂತಿರುವ ಪಿಜಿ ಡಾಕ್ಟರುಗಳು, ಈ ಮೂವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಹುಟ್ಟಿನಿಂದಲೇ ಬರುವ ಮೂತ್ರಾಂಗದ ದೋಷಗಳು ಹತ್ತಾರು ಬಗೆ. ಅವುಗಳಲ್ಲಿ ಅಪರೂಪದವು ಕೈತಪ್ಪಿ ಹೋಗುವುದು ಮೆಷಿನ್ ಹಳತು ಎಂಬ ಕಾರಣಕ್ಕೆ ಕಡಿಮೆ. ಏನನ್ನು ಹುಡುಕುತ್ತಿದ್ದೇವೆ ಎಂದು ಯಾರೂ ಕೂತು ಯೋಚಿಸದೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಬರೆದುಕೊಟ್ಟ ಕಾರಣಕ್ಕೇ ಹೆಚ್ಚು. ಅಲ್ಟ್ರಾಸೌಂಡ್ ಆಕಾರ ತೋರಿಸುತ್ತದೆ, ಎಂಸಿಯು (ಮಗು ಉಚ್ಚೆ ಹೊಯ್ಯುವಾಗ ತೆಗೆಯುವ ಎಕ್ಸ್‌ರೇ) ಹರಿಯುವ ದಾರಿ ತೋರಿಸುತ್ತದೆ, ರೀನೋಗ್ರಾಂ (ವಿಕಿರಣ ಬೆರೆಸಿದ ಔಷಧ ಕೊಟ್ಟು ಮಾಡುವ ಸ್ಕ್ಯಾನ್) ಕಿಡ್ನಿ ಕೆಲಸ ಮಾಡುತ್ತಿದೆಯೇ ಎಂದು ಹೇಳುತ್ತದೆ. ಒಂದು ಹೇಳಬೇಕಾದ್ದನ್ನು ಇನ್ನೊಂದರಿಂದ ಹೇಳಿಸಲು ಹೋದರೆ ದುಡ್ಡೂ ಹೋಗುತ್ತದೆ, ಮಗುವಿನ ದಿನಗಳೂ ಹೋಗುತ್ತವೆ.

ಮೊದಲು ಐದನೇ ತಿಂಗಳ ರಿಪೋರ್ಟನ್ನು ಸರಿಯಾಗಿ ಓದಿ

ಗರ್ಭದಲ್ಲಿ ಕಿಡ್ನಿ ಊದಿರುವುದು ನೂರು ಬಸುರಿಯರಲ್ಲಿ 1ರಿಂದ 5 ಮಂದಿಗೆ ಕಾಣಿಸುತ್ತದೆ. ಅಷ್ಟು ಸಾಮಾನ್ಯ. ರಿಪೋರ್ಟಿನಲ್ಲಿ ‘ಹೈಡ್ರೋನೆಫ್ರೋಸಿಸ್’ ಅಥವಾ ‘ಪೈಲೆಕ್ಟಾಸಿಸ್’ ಎಂಬ ಪದ ಕಂಡು ಹೆದರುವ ಮೊದಲು ಅದರ ಪಕ್ಕದ ಅಂಕಿ ನೋಡಿ. ಕಿಡ್ನಿಯ ನಡುವೆ ಮೂತ್ರ ಸೇರುವ ಚೀಲವನ್ನು ಹಿಂದುಮುಂದಾಗಿ ಅಳೆದು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. 28 ವಾರಕ್ಕೆ ಮೊದಲು 4 ಮಿ.ಮೀ.ಗಿಂತ ಕಡಿಮೆ, 28 ವಾರದ ನಂತರ 7 ಮಿ.ಮೀ.ಗಿಂತ ಕಡಿಮೆ ಇದ್ದರೆ ಅದು ಸಹಜ. 28 ವಾರದೊಳಗೆ 7, ಆಮೇಲೆ 10 ದಾಟಿದರೆ ಹುಟ್ಟಿದ ಮೇಲೆ ಗಟ್ಟಿಯಾಗಿ ಹಿಂಬಾಲಿಸಬೇಕು. ನಡುವಿನದಕ್ಕೆ ಮೂವತ್ತೆರಡನೇ ವಾರದ ಹೊತ್ತಿಗೆ ಮತ್ತೊಂದು ಸ್ಕ್ಯಾನಿಂಗ್ ಸಾಕು. ಅಂಕಿಯನ್ನೇ ಬರೆಯದೆ ‘ಸ್ವಲ್ಪ ಊದಿದೆ’ ಎಂದಷ್ಟೇ ಬರೆದಿದ್ದರೆ ವಾಪಸ್ ಹೋಗಿ ಅಂಕಿ ಬರೆಸಿಕೊಳ್ಳಿ. ಅಂಕಿಯಿಲ್ಲದ ರಿಪೋರ್ಟನ್ನು ಮುಂದಿನ ಸ್ಕ್ಯಾನಿಂಗ್ ಜೊತೆ ಹೋಲಿಸಲು ಆಗುವುದೇ ಇಲ್ಲ.

ಅಂಕಿಗಿಂತ ಮುಖ್ಯವಾದ ಮೂರು ಸಂಗತಿ ಅದೇ ರಿಪೋರ್ಟಿನಲ್ಲಿರುತ್ತವೆ. ಒಂದು ಕಿಡ್ನಿಯೋ ಎರಡೂ ಕಿಡ್ನಿಯೋ? ಮಗುವಿನ ಮೂತ್ರಕೋಶ ದೊಡ್ಡದಾಗಿ, ಗೋಡೆ ದಪ್ಪವಾಗಿ ಕಾಣುತ್ತಿದೆಯೇ? ಗರ್ಭದ ನೀರು ಎಷ್ಟಿದೆ? ಹದಿನಾರನೇ ವಾರ ಕಳೆದ ಮೇಲೆ ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ. ನೀರು ಕಡಿಮೆಯಾದರೆ ಮಗುವಿನ ಶ್ವಾಸಕೋಶವೂ ಸರಿಯಾಗಿ ಬೆಳೆಯುವುದಿಲ್ಲ. ಎರಡೂ ಕಿಡ್ನಿ ಊದಿ, ಮೂತ್ರಕೋಶ ದಪ್ಪವಾಗಿ, ನೀರು ಕಡಿಮೆಯಾಗಿದ್ದರೆ ಹೆರಿಗೆಯನ್ನು ಹತ್ತಿರದ ಸಣ್ಣ ನರ್ಸಿಂಗ್ ಹೋಂನಲ್ಲಿ ಮಾಡಿಸಬೇಡಿ. ನವಜಾತ ಶಿಶು ಘಟಕವೂ ಮಕ್ಕಳ ಸರ್ಜನ್ನೂ ಇರುವ ಕಡೆಗೆ ಮೊದಲೇ ಹೆಸರು ಬರೆಸಿ. ಮಂಡ್ಯದವರಿಗೆ ಮಿಮ್ಸ್, ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ, ಮೈಸೂರಿನಲ್ಲಿ ಚೆಲುವಾಂಬ ಅಥವಾ ಜೆಎಸ್ಎಸ್, ಹೀಗೆ ಯಾವುದಾದರೂ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಈ ಮಗುವನ್ನು ಹುಟ್ಟಿದೊಡನೆ ನೋಡುವವರು ಯಾರು ಎಂದು ಕೇಳಿಟ್ಟುಕೊಳ್ಳಿ.

ಇಲ್ಲೊಂದು ಮಾತು. ಮೂತ್ರದ ದಾರಿಗೆ ಅಡ್ಡವಾಗುವ ಕವಾಟದ ದೋಷ ಗಂಡುಮಕ್ಕಳಿಗೆ ಮಾತ್ರ ಬರುತ್ತದೆ ಎಂದು ಎಲ್ಲೋ ಓದಿ, ಆ ನೆಪದಲ್ಲಿ ಲಿಂಗ ಕೇಳುವವರಿದ್ದಾರೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಅದನ್ನು ಹೇಳುವುದೂ ಅಪರಾಧ, ಹೇಳಿಸಿಕೊಳ್ಳುವುದೂ ಅಪರಾಧ. ರಿಪೋರ್ಟಿನಲ್ಲಿ ‘ಮೂತ್ರಕೋಶದ ಕೆಳಗೆ ಅಡಚಣೆಯ ಶಂಕೆ’ ಎಂದಿದ್ದರೆ ಹೆರಿಗೆಯ ಏರ್ಪಾಡಿಗೆ ಅಷ್ಟೇ ಸಾಕು.

ಹುಟ್ಟಿದ ಮೇಲೆ ಮೊದಲ ಸ್ಕ್ಯಾನಿಂಗ್ ಯಾವಾಗ

ಹುಟ್ಟಿದ ಮರುದಿನವೇ ಸ್ಕ್ಯಾನಿಂಗ್ ಮಾಡಿಸಿ ‘ನಾರ್ಮಲ್’ ಎಂದು ಬಂತು, ಹಾಗಾಗಿ ಬಿಟ್ಟೆವು ಎನ್ನುವವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೊದಲ ಎರಡು ದಿನ ಎಳೆಗೂಸಿಗೆ ಮೂತ್ರ ಬರುವುದೇ ಕಡಿಮೆ. ಊದಿದ ಕಿಡ್ನಿಯೂ ಆಗ ಕುಗ್ಗಿ ಸರಿಯಿದ್ದಂತೆ ಕಾಣುತ್ತದೆ. ಹಾಗಾಗಿ ಒಂದೇ ಕಡೆ ಊದಿರುವ, ಆರಾಮಾಗಿರುವ ಮಗುವಿಗೆ 48 ಗಂಟೆ ಕಳೆದ ಮೇಲೆ, ಸಾಧಾರಣವಾಗಿ ಮೊದಲ ವಾರದ ಕೊನೆಗೆ, ಒಂದು ಸ್ಕ್ಯಾನಿಂಗ್ ಮಾಡಿಸಬೇಕು. ಅದು ಸರಿಯಿದ್ದರೂ ನಾಲ್ಕರಿಂದ ಆರು ವಾರಕ್ಕೆ ಇನ್ನೊಂದು ಬೇಕೇ ಬೇಕು. ಬಾಣಂತನಕ್ಕೆ ತವರಿಗೆ ಹೋದಾಗ ತಪ್ಪಿಹೋಗುವುದು ಈ ಎರಡನೆಯದೇ. ತವರು ಕೆ.ಆರ್. ಪೇಟೆಯೋ ಮಳವಳ್ಳಿಯೋ ಆಗಿರಲಿ, ಆರನೇ ವಾರದ ಚುಚ್ಚುಮದ್ದಿನ ದಿನವನ್ನೇ ಇದಕ್ಕೂ ಇಟ್ಟುಕೊಂಡರೆ ಮರೆಯುವುದಿಲ್ಲ.

ಕಾಯಬಾರದ ಮಕ್ಕಳು ಬೇರೆ. ಎರಡೂ ಕಿಡ್ನಿ ಜೋರಾಗಿ ಊದಿರುವುದು, ಇರುವುದೇ ಒಂದು ಕಿಡ್ನಿ ಮತ್ತು ಅದೇ ಊದಿರುವುದು, ಗರ್ಭದ ನೀರು ಕಡಿಮೆಯಿದ್ದದ್ದು, ಮೂತ್ರಕೋಶದ ಗೋಡೆ ದಪ್ಪವಿದ್ದದ್ದು. ಇವರಿಗೆ ಹುಟ್ಟಿದ ಮೊದಲ 24ರಿಂದ 48 ಗಂಟೆಯೊಳಗೇ ಸ್ಕ್ಯಾನಿಂಗ್ ಆಗಬೇಕು. ಗಂಡುಮಗು ಉಚ್ಚೆ ಹೊಯ್ಯುವಾಗ ಧಾರೆ ಬಾರದೆ ತೊಟ್ಟು ತೊಟ್ಟಾಗಿ ಬೀಳುತ್ತಿದ್ದರೆ, ಹೊಟ್ಟೆಯ ಕೆಳಭಾಗದಲ್ಲಿ ಗಟ್ಟಿ ಉಂಡೆ ಕೈಗೆ ಸಿಕ್ಕರೆ, ಮೊದಲ 24 ಗಂಟೆಯಲ್ಲಿ ಮೂತ್ರವೇ ಆಗದಿದ್ದರೆ, ಸ್ಕ್ಯಾನಿಂಗ್ ಸೆಂಟರಿಗಲ್ಲ, ನೇರ ಆಸ್ಪತ್ರೆಗೆ ಹೋಗಿ. ಅಲ್ಲಿ ಮೊದಲು ಮೂತ್ರಕ್ಕೆ ಟ್ಯೂಬ್ ಹಾಕುತ್ತಾರೆ, ಚಿತ್ರ ಆಮೇಲೆ. ಆ ಕ್ರಮವೇ ಸರಿ.

ಪ್ರೋಬ್ ಇಟ್ಟವರು ಏನೇನು ನೋಡಬೇಕು

ಪ್ರೋಬ್ ಎಂದರೆ ಅಲ್ಟ್ರಾಸೌಂಡ್ ಮಾಡುವಾಗ ಮೈಮೇಲೆ ಇಟ್ಟು ನೋಡುವ ಸಾಧನ. ಈ ಭಾಗವನ್ನು ಪಿಜಿ ಡಾಕ್ಟರುಗಳಿಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆದರೆ ತಾಯಂದಿರೂ ಓದಬೇಕು. ಯಾಕೆಂದರೆ ಮಗುವನ್ನು ಯಾವ ಸ್ಥಿತಿಯಲ್ಲಿ ಒಳಗೆ ಕರೆತರುತ್ತೀರಿ ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ.

ಮಗು ಹಾಲು ಕುಡಿದು ಅರ್ಧ ಗಂಟೆಯಾಗಿರಲಿ. ಮೇಜಿನ ಮೇಲೆ ಮಲಗಿಸಿದೊಡನೆ ಮೊದಲು ಮೂತ್ರಕೋಶವನ್ನು ನೋಡಿ, ಕಿಡ್ನಿಯನ್ನಲ್ಲ. ತಣ್ಣನೆಯ ಜೆಲ್ಲಿ ತಾಕಿದ ತಕ್ಷಣ ಎಳೆಗೂಸು ಉಚ್ಚೆ ಹೊಯ್ದುಬಿಡುತ್ತದೆ. ಆಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಜೆಲ್ಲಿಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಹಚ್ಚುವ ಅಭ್ಯಾಸ ಈ ಕಾರಣಕ್ಕೇ ಒಳ್ಳೆಯದು. ತುಂಬಿದ ಮೂತ್ರಕೋಶದ ಗೋಡೆ 3 ಮಿ.ಮೀ.ಗಿಂತ ದಪ್ಪವಿದ್ದರೆ ಕೆಳಗೆ ಎಲ್ಲೋ ತಡೆ ಇದೆ ಎಂದು ಸಂಶಯಿಸಬೇಕು. ಅದರ ಹಿಂದೆ ಎರಡೂ ಪಕ್ಕ, ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಕಾಣುತ್ತಿದೆಯೇ? ಸರಿಯಿರುವ ನಾಳ ಅಲ್ಟ್ರಾಸೌಂಡಿನಲ್ಲಿ ಕಾಣುವುದೇ ಕಷ್ಟ. 7 ಮಿ.ಮೀ. ಮುಟ್ಟಿದರೆ ಅದು ಮೆಗಾಯುರೇಟರ್, ಅಂದರೆ ಹಿಗ್ಗಿದ ಮೂತ್ರನಾಳ. ಮೂತ್ರಕೋಶದೊಳಗೆ ತೆಳುಗೋಡೆಯ ಗುಳ್ಳೆಯೊಂದು ತೇಲುತ್ತಿದ್ದರೆ ಅದು ಯುರೆಟೆರೋಸೀಲ್, ಅಂದರೆ ಮೂತ್ರನಾಳದ ತುದಿ ಊದಿ ಆದ ಗುಳ್ಳೆ. ಆ ಕೂಡಲೇ ಪ್ರೋಬನ್ನು ಅದೇ ಕಡೆಯ ಕಿಡ್ನಿಗೆ ಒಯ್ದು, ಅದು ಎರಡು ಭಾಗವಾಗಿದೆಯೇ ಎಂದು ಹುಡುಕಿ.

ಗಂಡುಮಗುವಾದರೆ ಕಾಲುಗಳ ನಡುವೆ, ಗುದದ್ವಾರದ ಮುಂದಿನ ಜಾಗದಲ್ಲಿ ಪ್ರೋಬ್ ಇಟ್ಟು, ಮೂತ್ರಕೋಶದಿಂದ ಹೊರಗೆ ಹೋಗುವ ಮೂತ್ರಮಾರ್ಗದ ಹಿಂಭಾಗ ಹಿಗ್ಗಿದೆಯೇ ನೋಡಿ. ಹಿಗ್ಗಿದ ಮೂತ್ರಕೋಶ, ಅದರ ಕೆಳಗೆ ಹಿಗ್ಗಿದ ಮಾರ್ಗ, ಎರಡೂ ಸೇರಿ ಹಳೆಕಾಲದ ಬೀಗದ ಕಂಡಿಯ ಆಕಾರ ಕಂಡರೆ ಹಿಂದಿನ ಕವಾಟದ ದೋಷ, ಅಂದರೆ ಪಿಯುವಿ, ಮೊದಲ ಸಂಶಯ. ಸುಮಾರು 5,000ದಿಂದ 8,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಬರುವಂಥದ್ದು. ಒಂದು ದಿನವೂ ತಡಮಾಡಬಾರದ ದೋಷ ಇದು.

ಆಮೇಲೆ ಕಿಡ್ನಿ. ಮಗುವನ್ನು ಬೋರಲು ಮಲಗಿಸಿ, ಅಡ್ಡಸೀಳಿನಲ್ಲಿ, ಕಿಡ್ನಿಯ ಬಾಯಿಯ ಮಟ್ಟದಲ್ಲಿ ಅಳೆಯಿರಿ. ಹುಟ್ಟಿದ ಮೇಲೆ 10 ಮಿ.ಮೀ. ಒಳಗೆ ಸಹಜ, 15 ದಾಟಿದರೆ ಎಚ್ಚರ. ಜೊತೆಗೆ ಒಳಗಿನ ಕವಲುಗಳು, ಅಂದರೆ ಕ್ಯಾಲಿಕ್ಸ್‌ಗಳು, ಹಿಗ್ಗಿವೆಯೇ, ಕಿಡ್ನಿಯ ಮಾಂಸಲ ಭಾಗ ತೆಳುವಾಗಿದೆಯೇ ಎಂಬುದನ್ನೂ ಬರೆಯಬೇಕು. ಎಳೆಗೂಸಿನ ಕಿಡ್ನಿಯೊಳಗೆ ಪಿರಮಿಡ್ ಎಂಬ ಮುಕ್ಕೋನದ ಭಾಗಗಳು ಸಹಜವಾಗಿಯೇ ಕಪ್ಪಗೆ ಕಾಣುತ್ತವೆ. ಅವನ್ನು ನೀರುಗುಳ್ಳೆ ಅಂದುಕೊಂಡು ‘ಸಿಸ್ಟ್’ ಎಂದು ಬರೆದು ಮನೆಯವರ ನಿದ್ದೆ ಕೆಡಿಸಿದ ರಿಪೋರ್ಟುಗಳು ಆಗಾಗ ಕೈಗೆ ಬರುತ್ತಲೇ ಇರುತ್ತವೆ.

ನಿಜವಾದ ಸಿಸ್ಟ್ ದೋಷವೂ ಇದೆ. ಒಂದು ಕಡೆಯ ಕಿಡ್ನಿ ಪೂರ್ತಿ ಚಿಕ್ಕದೊಡ್ಡ ಗುಳ್ಳೆಗಳ ಗೊಂಚಲಾಗಿ, ನಡುವೆ ಕಿಡ್ನಿಯ ಮಾಂಸವೇ ಇಲ್ಲದಿದ್ದರೆ ಅದು ಮಲ್ಟಿಸಿಸ್ಟಿಕ್ ಡಿಸ್‌ಪ್ಲಾಸ್ಟಿಕ್ ಕಿಡ್ನಿ. ಊದಿದ ಕಿಡ್ನಿಯಲ್ಲಿ ಎಲ್ಲ ಗುಳ್ಳೆಗಳೂ ನಡುವಿನ ಚೀಲಕ್ಕೆ ಕೂಡಿಕೊಂಡಿರುತ್ತವೆ, ಇದರಲ್ಲಿ ಒಂದಕ್ಕೊಂದು ಸಂಬಂಧವಿರುವುದಿಲ್ಲ. ಈ ವ್ಯತ್ಯಾಸವನ್ನು ಹಿಡಿಯುವುದರಲ್ಲೇ ಎಲ್ಲವೂ ಇದೆ. ಊದಿದ ಕಿಡ್ನಿಯನ್ನು ಸರ್ಜರಿ ಮಾಡಿ ಉಳಿಸಿಕೊಳ್ಳಬಹುದು. ಇನ್ನೊಂದು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ, ಬಹುತೇಕ ಮಕ್ಕಳಲ್ಲಿ ತಾನಾಗಿ ಕುಗ್ಗುತ್ತಾ ಹೋಗುತ್ತದೆ, ಸುಮ್ಮನೆ ಗಮನಿಸಿದರೆ ಸಾಕು. ಅಂಥ ಮಗುವಿನಲ್ಲಿ ನೋಡಬೇಕಾದದ್ದು ಇನ್ನೊಂದು ಕಡೆಯ ಕಿಡ್ನಿ ಸರಿಯಿದೆಯೇ ಎಂದು.

ಕಿಡ್ನಿ ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ

‘ಎಡ ಕಿಡ್ನಿ ಕಾಣಲಿಲ್ಲ’ ಎಂದು ಬರೆದು ಮುಗಿಸಿದ ರಿಪೋರ್ಟು ಅರ್ಧ ರಿಪೋರ್ಟು. ಕಿಡ್ನಿಗಳು ಹುಟ್ಟುವುದು ಸೊಂಟದ ಕುಹರದಲ್ಲಿ. ಗರ್ಭದ ಆರನೇ ವಾರದಿಂದ ಒಂಬತ್ತನೇ ವಾರದೊಳಗೆ ಅವು ಮೇಲಕ್ಕೆ ಏರುತ್ತವೆ. ಏರುವ ದಾರಿಯಲ್ಲಿ ನಿಂತುಬಿಟ್ಟರೆ ಸೊಂಟದಲ್ಲೇ ಉಳಿದ ಕಿಡ್ನಿ. ಅಡ್ಡದಾರಿ ಹಿಡಿದು ಆಚೆ ಕಡೆಗೆ ಹೋಗಿ ಅಲ್ಲಿನದಕ್ಕೆ ಅಂಟಿಕೊಂಡರೆ ಕ್ರಾಸ್ಡ್ ಫ್ಯೂಸ್ಡ್ ಎಕ್ಟೋಪಿಯಾ. ಎರಡೂ ಕೆಳತುದಿಯಲ್ಲಿ ಕೂಡಿಕೊಂಡರೆ ಕುದುರೆಲಾಳದ ಕಿಡ್ನಿ. ಈ ಕೊನೆಯದು ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಸೇತುವೆಯಂಥ ಭಾಗ ಇನ್‌ಫೀರಿಯರ್ ಮೆಸೆಂಟರಿಕ್ ರಕ್ತನಾಳದ ಕೆಳಗೆ ಸಿಕ್ಕಿಕೊಂಡು, ಮೇಲಕ್ಕೆ ಏರಲಾರದೆ ನಿಂತಿರುತ್ತದೆ.

ಹಾಗಾಗಿ ಜಾಗ ಖಾಲಿ ಕಂಡರೆ ಮೂತ್ರಕೋಶ ತುಂಬಿರುವಾಗ ಅದರ ಹಿಂದೆ ಮತ್ತು ಮೇಲೆ ಹುಡುಕಿ. ಅಲ್ಲೂ ಇಲ್ಲದಿದ್ದರೆ ಆಚೆ ಕಡೆಯ ಕಿಡ್ನಿ ವಿಪರೀತ ಉದ್ದವಾಗಿದ್ದು ನಡುವೆ ಒಂದು ಕಚ್ಚು ಇದೆಯೇ ನೋಡಿ. ಎರಡೂ ಕಿಡ್ನಿಯ ಕೆಳತುದಿ ಬೆನ್ನುಮೂಳೆಯ ಕಡೆಗೆ ವಾಲಿದ್ದರೆ, ಮಹಾಧಮನಿಯ ಮುಂದೆ ಅಡ್ಡಲಾಗಿ ಮಾಂಸದ ಪಟ್ಟಿ ಇದೆಯೇ ಹುಡುಕಿ. ಕರುಳಿನ ಗ್ಯಾಸ್ ಅದನ್ನು ಮರೆಮಾಡುತ್ತದೆ, ಮೆಲ್ಲಗೆ ಒತ್ತಿ ಗ್ಯಾಸ್ ಸರಿಸಬೇಕು. ಖಾಲಿ ಜಾಗದಲ್ಲಿ, ಕಿಡ್ನಿಯ ಮೇಲೆ ಕೂರಬೇಕಾದ ಅಡ್ರಿನಲ್ ಗ್ರಂಥಿ ಉದ್ದಕ್ಕೆ ಚಪ್ಪಟೆಯಾಗಿ ಮಲಗಿರುತ್ತದೆ. ಎಳೆಗೂಸಿನಲ್ಲಿ ಅದು ದೊಡ್ಡದೇ ಇರುವುದರಿಂದ ಅದನ್ನೇ ‘ಚಿಕ್ಕ ಕಿಡ್ನಿ’ ಎಂದು ತಿಳಿಯುವ ಅಪಾಯವಿದೆ.

ಎಲ್ಲೂ ಸಿಗಲಿಲ್ಲವೇ? ಡಿಎಂಎಸ್‌ಎ ಸ್ಕ್ಯಾನ್ (ಕಿಡ್ನಿಯ ಮಾಂಸದಲ್ಲಿ ಅಂಟುವ ವಿಕಿರಣ ಔಷಧ ಕೊಟ್ಟು ತೆಗೆಯುವ ಚಿತ್ರ) ಮಾಡಿಸಬೇಕು. ಎಲ್ಲೋ ಮೂಲೆಯಲ್ಲಿ ಅಡಗಿರುವ, ಕೆಲಸ ಮಾಡುವ ಚೂರು ಕಿಡ್ನಿಯನ್ನೂ ಅದು ಹುಡುಕಿಕೊಡುತ್ತದೆ. ನಿಜವಾಗಿಯೂ ಒಂದೇ ಕಿಡ್ನಿ ಎಂದು ಖಚಿತವಾದರೆ, ಸಾವಿರದಿಂದ ಎರಡು ಸಾವಿರ ಜನರಲ್ಲಿ ಒಬ್ಬರು ಹಾಗೆ ಹುಟ್ಟುತ್ತಾರೆ, ಬಹುಪಾಲು ಮಂದಿ ಚೆನ್ನಾಗಿಯೇ ಬದುಕುತ್ತಾರೆ. ಆದರೆ ಹೆಣ್ಣುಮಗುವಾದರೆ ಗರ್ಭಕೋಶದ ರಚನೆಯನ್ನೂ ದೊಡ್ಡವಳಾಗುವ ಹೊತ್ತಿಗೆ ಸ್ಕ್ಯಾನ್ ಮಾಡಿ ನೋಡಬೇಕು. ಕಿಡ್ನಿ ಮತ್ತು ಗರ್ಭಕೋಶ ಭ್ರೂಣದಲ್ಲಿ ಅಕ್ಕಪಕ್ಕ ಬೆಳೆಯುವುದರಿಂದ ಒಂದರ ದೋಷದ ಜೊತೆ ಇನ್ನೊಂದರದೂ ಇರಬಹುದು. ಗರ್ಭಕೋಶ ಜೋಡಿಯಾಗಿದ್ದು, ಯೋನಿಯ ಒಂದು ಪಕ್ಕ ಮುಚ್ಚಿಕೊಂಡಿದ್ದರೆ ಮುಟ್ಟಿನ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ. ತಿಂಗಳು ತಿಂಗಳೂ ಹೊಟ್ಟೆನೋವೆಂದು ಅಳುವ, ಒಂದೇ ಕಿಡ್ನಿ ಇರುವ ಹುಡುಗಿಗೆ ‘ಮುಟ್ಟಿನ ನೋವು, ಎಲ್ಲರಿಗೂ ಬರುತ್ತೆ’ ಎಂದು ಹೇಳಿ ಕಳಿಸಬಾರದು.

ಎಂಸಿಯು: ಬೇಕಾದವರಿಗೆ ಮಾತ್ರ, ಸರಿಯಾದ ಕ್ರಮದಲ್ಲಿ

ಮೂತ್ರಕೋಶಕ್ಕೆ ಸಣ್ಣ ಟ್ಯೂಬಿನಿಂದ ಔಷಧ ತುಂಬಿ, ಮಗು ಉಚ್ಚೆ ಹೊಯ್ಯುವಾಗ ಎಕ್ಸ್‌ರೇ ತೆಗೆಯುವ ಪರೀಕ್ಷೆ ಇದು. ಎರಡು ಪ್ರಶ್ನೆಗೆ ಇದರ ಹಾಗೆ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ: ಮೂತ್ರ ಮೂತ್ರಕೋಶದಿಂದ ಕಿಡ್ನಿಯ ಕಡೆಗೆ ವಾಪಸ್ ಏರುತ್ತಿದೆಯೇ, ಮೂತ್ರಮಾರ್ಗದಲ್ಲಿ ತಡೆ ಇದೆಯೇ. ಊದಿದ ಪ್ರತಿ ಮಗುವಿಗೂ ಇದು ಬೇಡ. ಎರಡೂ ಕಡೆ ಜೋರಾಗಿ ಊದಿದ್ದರೆ, ಮೂತ್ರನಾಳವೂ ಹಿಗ್ಗಿದ್ದರೆ, ಮೂತ್ರಕೋಶ ದಪ್ಪವಿದ್ದರೆ, ಜ್ವರದ ಜೊತೆ ಮೂತ್ರದ ಸೋಂಕು ಮರುಕಳಿಸಿದ್ದರೆ ಬೇಕು. ಸೋಂಕು ಇರುವಾಗ ಮಾಡಬಾರದು. ಮೂತ್ರ ಶುದ್ಧವಾದ ಮೇಲೆ, ಡಾಕ್ಟರು ಹೇಳಿದ ಆಂಟಿಬಯಾಟಿಕ್ ಕೊಟ್ಟೇ ಮಾಡಬೇಕು.

ಅಂದು ಏನಾಗುತ್ತದೆ ಎಂದು ತಾಯಿಗೆ ಮೊದಲೇ ಗೊತ್ತಿದ್ದರೆ ಮಗುವಿನ ಅಳು ಅರ್ಧ ಕಡಿಮೆಯಾಗುತ್ತದೆ. ಸೀಸದ ಏಪ್ರನ್ ಹಾಕಿಕೊಂಡು ಮನೆಯವರೊಬ್ಬರು ಮಗುವಿನ ತಲೆಯ ಬಳಿ ನಿಲ್ಲಬಹುದು. ಬಸುರಿಯಾಗಿದ್ದರೆ ಬೇಡ, ಅಜ್ಜಿಯೋ ಚಿಕ್ಕಮ್ಮನೋ ನಿಲ್ಲಲಿ. ಜೆಲ್ಲಿ ಹಚ್ಚಿ ಟ್ಯೂಬ್ ಹಾಕುವ ಅರ್ಧ ನಿಮಿಷವೇ ಕಷ್ಟದ್ದು. ಔಷಧವನ್ನು ಸಿರಿಂಜಿನಿಂದ ಒತ್ತಿ ತುಂಬುವುದಿಲ್ಲ, ಬಾಟಲಿಯನ್ನು ಎತ್ತರಕ್ಕೆ ತೂಗುಹಾಕಿ ತಾನಾಗಿ ಇಳಿಯಲು ಬಿಡುತ್ತೇವೆ. ಎಷ್ಟು ತುಂಬಬೇಕು ಎನ್ನುವುದಕ್ಕೆ ಲೆಕ್ಕವಿದೆ. ದೊಡ್ಡ ಮಕ್ಕಳಲ್ಲಿ ವಯಸ್ಸಿಗೆ ಎರಡು ಸೇರಿಸಿ 30ರಿಂದ ಗುಣಿಸಿದಷ್ಟು ಮಿಲಿಲೀಟರ್. ನಾಲ್ಕು ವರ್ಷದ ಮಗುವಿಗೆ 180. ಕೂಸುಗಳಲ್ಲಿ ತೂಕದ ಪ್ರತಿ ಕಿಲೋಗೆ ಸುಮಾರು 7 ಮಿಲಿ.

ಪಿಜಿಗಳು ಮರೆಯಬಾರದ್ದು ಎರಡು ಫಿಲ್ಮ್. ಒಂದು, ಔಷಧ ಇನ್ನೂ ಸ್ವಲ್ಪವೇ ಒಳಗೆ ಹೋಗಿರುವಾಗಿನದು. ಯುರೆಟೆರೋಸೀಲ್ ಗುಳ್ಳೆ ಆಗ ಮಾತ್ರ ಕಾಣುತ್ತದೆ, ಮೂತ್ರಕೋಶ ತುಂಬಿದ ಮೇಲೆ ಒತ್ತಿಕೊಂಡು ಮಾಯವಾಗುತ್ತದೆ. ಇನ್ನೊಂದು, ಗಂಡುಮಗು ಹೊಯ್ಯುತ್ತಿರುವಾಗ ಓರೆಯಾಗಿ ಮಲಗಿಸಿ ತೆಗೆದದ್ದು. ನೇರವಾಗಿ ತೆಗೆದ ಫಿಲ್ಮಿನಲ್ಲಿ ಮೂತ್ರಮಾರ್ಗ ಕುಗ್ಗಿ ಕಾಣುವುದರಿಂದ ಕವಾಟದ ದೋಷ ಕಣ್ಣಿಗೆ ಬೀಳದೆ ಹೋಗಬಹುದು. ಮಗು ಹೊಯ್ಯುವ ತನಕ ಕಾಯುವ ತಾಳ್ಮೆ ಬೇಕು. ಬೆಚ್ಚಗಿನ ನೀರನ್ನು ಹೊಟ್ಟೆಯ ಕೆಳಗೆ, ಕಾಲಿಗೆ ಸ್ವಲ್ಪ ಸುರಿದರೆ ಬಹಳ ಮಕ್ಕಳು ಹೊಯ್ಯುತ್ತಾರೆ. ಸಾಲಿನಲ್ಲಿ ಇನ್ನೂ ಹತ್ತು ಜನ ಕಾದಿದ್ದಾರೆ ಎಂದು ಹೊಯ್ಯುವ ಫಿಲ್ಮ್ ಬಿಟ್ಟರೆ, ಆ ಮಗು ಪಟ್ಟ ನೋವಿಗೆ ಫಲವೇ ಇಲ್ಲದಂತಾಗುತ್ತದೆ.

ವಾಪಸ್ ಏರುವುದನ್ನು ರಿಫ್ಲಕ್ಸ್ ಎನ್ನುತ್ತಾರೆ, ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಒಂದು, ಎರಡನೇ ದರ್ಜೆಯದು ಮಗು ಬೆಳೆದಂತೆ ಬಹುತೇಕ ತಾನೇ ನಿಲ್ಲುತ್ತದೆ. ನಾಲ್ಕು, ಐದನ್ನು ಮಕ್ಕಳ ಯೂರಾಲಜಿ ಬಲ್ಲವರು ನೋಡಲೇಬೇಕು.

ರೀನೋಗ್ರಾಂ ಮತ್ತು ಡಿಎಂಎಸ್‌ಎ: ಇವೆರಡನ್ನು ಕಲಸಬೇಡಿ

ಕೆ.ಆರ್.ಎಸ್. ನಾಲೆಯ ಕೆಳಗೆ ಬೇಸಾಯ ಮಾಡುವವರಿಗೆ ಇದನ್ನು ಹೇಳುವುದು ಸುಲಭ. ಗದ್ದೆಯಲ್ಲಿ ನೀರು ನಿಂತಿರುವುದನ್ನು ಬದುವಿನ ಮೇಲೆ ನಿಂತು ಯಾರಾದರೂ ನೋಡಬಹುದು. ತೂಬು ಕಟ್ಟಿಕೊಂಡಿದೆಯೋ, ನೀರು ನಿಧಾನಕ್ಕಾದರೂ ಬಸಿಯುತ್ತಿದೆಯೋ ಎಂದು ಗೊತ್ತಾಗಬೇಕಾದರೆ ಸ್ವಲ್ಪ ಹೊತ್ತು ಕಾದು ನೋಡಬೇಕು. ಅಲ್ಟ್ರಾಸೌಂಡ್ ನಿಂತ ನೀರು ತೋರಿಸುತ್ತದೆ, ರೀನೋಗ್ರಾಂ ಬಸಿಯುವುದನ್ನು ಅಳೆಯುತ್ತದೆ.

ಕಿಡ್ನಿಯ ಚೀಲ ಮೂತ್ರನಾಳಕ್ಕೆ ಕೂಡುವ ಜಾಗ ಬಿಗಿಯಾಗಿರುವುದು, ಪಿಯುಜೆ ಅಡಚಣೆ, ಹುಟ್ಟಿನ ಅಡಚಣೆಗಳಲ್ಲೇ ಹೆಚ್ಚು ಕಾಣುವಂಥದ್ದು. ಅದರ ಶಂಕೆ ಇದ್ದಾಗ ಇಸಿ ಅಥವಾ ಡಿಟಿಪಿಎ ಎಂಬ ಔಷಧದಿಂದ ರೀನೋಗ್ರಾಂ ಮಾಡುತ್ತಾರೆ. ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಬೆರೆಸಿದ ಔಷಧವನ್ನು ನರಕ್ಕೆ ಕೊಟ್ಟು, ಗಾಮಾ ಕ್ಯಾಮೆರಾದ ಕೆಳಗೆ ಮಲಗಿಸುತ್ತಾರೆ. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೂಡ ಕೊಡುತ್ತಾರೆ. ಟೆಕ್ನೀಷಿಯಂ ಪ್ರತಿ ಆರು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, ಮಗುವಿನ ಮೈಯಲ್ಲಿ ಬಹುಕಾಲ ಉಳಿಯುವುದಿಲ್ಲ. ಆ ದಿನ ಡೈಪರನ್ನು ಬೇಗ ಬೇಗ ಬದಲಿಸಿ ಕೈ ತೊಳೆದುಕೊಂಡರೆ ಸಾಕು. ಎರಡು ಉತ್ತರ ಬರುತ್ತವೆ: ಒಟ್ಟು ಕೆಲಸದಲ್ಲಿ ಈ ಕಿಡ್ನಿಯ ಪಾಲು ಶೇಕಡಾ ಎಷ್ಟು, ಅರ್ಧ ಔಷಧ ಬಸಿಯಲು ಎಷ್ಟು ನಿಮಿಷ ಹಿಡಿಯಿತು. ಪಾಲು 40ಕ್ಕಿಂತ ಕಡಿಮೆ ಇದ್ದರೆ, ಅಥವಾ ಹಿಂದಿನ ಸಲಕ್ಕಿಂತ ಇಳಿಯುತ್ತಿದ್ದರೆ ಸರ್ಜರಿಯ ಮಾತು ಬರುತ್ತದೆ. ಬಸಿಯುವುದು 20 ನಿಮಿಷ ಮೀರಿದರೆ ಅಡಚಣೆಯ ಕಡೆಗೆ ಬೆರಳು ಮಾಡುತ್ತದೆ, ಆದರೆ ಆ ಅಂಕಿಯೊಂದರ ಮೇಲೆಯೇ ಚಾಕು ಹಿಡಿಯುವುದಿಲ್ಲ. ಮಗು ಸರಿಯಾಗಿ ಹಾಲು ಕುಡಿಯದೆ ಒಣಗಿದ್ದರೆ, ಮೂತ್ರಕೋಶ ತುಂಬಿಯೇ ಇದ್ದರೆ, ಸರಿಯಿರುವ ಕಿಡ್ನಿಯೂ ಕಟ್ಟಿಕೊಂಡಂತೆ ತೋರುತ್ತದೆ. ಆರು ವಾರಕ್ಕೆ ಮೊದಲು ಮಾಡಿಸಿದರೆ ಎಳೆ ಕಿಡ್ನಿ ಔಷಧವನ್ನು ಸರಿಯಾಗಿ ಹಿಡಿಯುವುದಿಲ್ಲ, ಚಿತ್ರ ಮಸುಕು. ಅವಸರಪಡಬೇಡಿ.

ಡಿಎಂಎಸ್‌ಎ ಬೇರೆ. ಅದರ ಔಷಧ ಕಿಡ್ನಿಯ ಮಾಂಸದಲ್ಲೇ ಅಂಟಿಕೊಂಡು ಕೂರುತ್ತದೆ, ಹರಿದು ಹೋಗುವುದನ್ನು ತೋರಿಸುವುದಿಲ್ಲ. ಇಂಜೆಕ್ಷನ್ ಆಗಿ ಎರಡು ಮೂರು ಗಂಟೆಯ ಮೇಲೆ ಚಿತ್ರ ತೆಗೆಯುತ್ತಾರೆ. ಸೋಂಕಿನಿಂದ ಕಿಡ್ನಿಯಲ್ಲಿ ಗಾಯದ ಕಲೆ ಉಳಿದಿದೆಯೇ, ಚಿಕ್ಕ ಕಿಡ್ನಿ ಎಲ್ಲಿ ಅಡಗಿದೆ, ಗುಳ್ಳೆಯ ಗೊಂಚಲು ಕೆಲಸ ಮಾಡುತ್ತಿದೆಯೇ ಎಂಬ ಪ್ರಶ್ನೆಗಳಿಗೆ ಇದು. ಕಲೆ ನೋಡಲು ಸೋಂಕು ಕಳೆದು ಕನಿಷ್ಠ ಮೂರು ತಿಂಗಳು, ಸಾಧ್ಯವಾದರೆ ಆರು ತಿಂಗಳು ಬಿಡಬೇಕು. ಗಾಮಾ ಕ್ಯಾಮೆರಾ ಎಲ್ಲ ಆಸ್ಪತ್ರೆಯಲ್ಲೂ ಇರುವುದಿಲ್ಲ, ಔಷಧವೂ ದಿನಾ ಬರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಸ್ಕ್ಯಾನ್‌ಗೆ ದುಡ್ಡು ಕಟ್ಟುವ ಮೊದಲು ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಮಾತಾಡಿ, ರೆಫರಲ್ ಪತ್ರ ಬೇಕಾಗುತ್ತದೆಯೇ ವಿಚಾರಿಸಿ.

ಯಾವಾಗಲೂ ಒದ್ದೆಯಾಗಿರುವ ಹುಡುಗಿ

ಅಪರೂಪದ ದೋಷಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಇದು. ಶ್ರೀರಂಗಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಿಂದ ಒಂದನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಅವಳ ಅಜ್ಜಿ ಕರೆತಂದಿದ್ದರು. ಲಂಗದ ಒಳಗೆ ಮಡಿಸಿದ ಹಳೆ ಸೀರೆಯ ತುಂಡು. ಸ್ಕೂಲಿನಲ್ಲಿ ಪಕ್ಕದಲ್ಲಿ ಯಾರೂ ಕೂರುವುದಿಲ್ಲ. ಮನೆಯಲ್ಲಿ ‘ಸೋಂಬೇರಿ, ಎದ್ದು ಹೋಗೋಕೆ ಏನು ರೋಗ’ ಎಂದು ಬೈಗುಳ. ಹೊರಗೆಲ್ಲೋ ಮಾಡಿಸಿದ ಸ್ಕ್ಯಾನಿಂಗ್ ರಿಪೋರ್ಟುಗಳೆಲ್ಲ ನಾರ್ಮಲ್. “ಇವ್ಳು ಒಂದಕ್ಕೆ ಸರಿಯಾಗೇ ಹೋಯ್ತಾಳೆ ಕಣಮ್ಮ, ಹೋಗ್ ಬಂದ್ ಮ್ಯಾಲೂ ಒದ್ದೆನೇ” ಎಂದರು ಅಜ್ಜಿ. ರೋಗ ಏನೆಂದು ಆ ಮಾತಿನಲ್ಲೇ ಇತ್ತು.

ಸಮಯಕ್ಕೆ ಸರಿಯಾಗಿ, ಧಾರೆಯಾಗಿ ಮೂತ್ರ ಹೋಗುತ್ತಾಳೆ ಎಂದರೆ ಮೂತ್ರಕೋಶ ಸರಿಯಿದೆ. ಆದರೂ ಹಗಲೂ ರಾತ್ರಿ ತೊಟ್ಟಿಕ್ಕುತ್ತದೆ ಎಂದರೆ ಇನ್ನೊಂದು ನಾಳ ಮೂತ್ರಕೋಶಕ್ಕೆ ಸೇರದೆ ಅದರ ಕೆಳಗೆ, ಮೂತ್ರಮಾರ್ಗಕ್ಕೋ ಯೋನಿಗೋ ತೆರೆದುಕೊಂಡಿದೆ. ಕಿಡ್ನಿ ಎರಡು ಭಾಗವಾಗಿದ್ದು ಎರಡು ನಾಳವಿದ್ದಾಗ, ಮೇಲಿನ ಭಾಗದ ನಾಳವೇ ಹೀಗೆ ಕೆಳಗಿಳಿದು ತಪ್ಪು ಜಾಗ ಸೇರುತ್ತದೆ, ಕೆಳಗಿನ ಭಾಗದ್ದು ರಿಫ್ಲಕ್ಸ್ ಆಗುತ್ತದೆ. ವೈಗರ್ಟ್–ಮೇಯರ್ ನಿಯಮ ಎಂದು ಇದಕ್ಕೆ ಹೆಸರು. ಗಂಡುಮಕ್ಕಳಲ್ಲಿ ಆ ನಾಳ ಬಿಗಿಹಿಡಿಯುವ ಸ್ನಾಯುವಿನ ಮೇಲೆಯೇ ತೆರೆಯುವುದರಿಂದ ತೊಟ್ಟಿಕ್ಕುವುದಿಲ್ಲ, ವೃಷಣದ ಬಳಿ ಸೋಂಕಾಗಿ ಬರುತ್ತದೆ.

ಅಲ್ಟ್ರಾಸೌಂಡ್ ಇಲ್ಲಿ ಯಾಕೆ ಸೋಲುತ್ತದೆ? ಮೇಲಿನ ಭಾಗ ಹುಣಸೆಬೀಜದಷ್ಟೇ ಇರಬಹುದು, ನಾಳ ಹಿಗ್ಗದೆ ಸಪೂರವಾಗಿಯೇ ಇರಬಹುದು. ಗೊತ್ತಿದ್ದು ಹುಡುಕಿದರೆ ಮಾತ್ರ ಸಿಗುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ಹುಡುಗಿ ಮೂತ್ರ ಹೋಗಿಬಂದ ಮೇಲೆ ಚೆನ್ನಾಗಿ ಒರೆಸಿ, ಒಣ ಬಿಳಿ ಬಟ್ಟೆ ಕೊಟ್ಟು ಅರ್ಧ ಗಂಟೆ ಆಡಲು ಬಿಡಿ. ಬಟ್ಟೆ ಒದ್ದೆಯಾದರೆ ಬರೆದಿಟ್ಟುಕೊಂಡು ಬನ್ನಿ. ಇಂಥವಳಿಗೆ ಎಂಆರ್ ಯೂರೋಗ್ರಫಿಯೇ, ಅಂದರೆ ಎಂಆರ್‌ಐ ಮೆಷಿನ್ನಿನಲ್ಲಿ ಮೂತ್ರದ ದಾರಿ ನೋಡುವುದೇ, ಸರಿಯಾದ ಪರೀಕ್ಷೆ. ವಿಕಿರಣವಿಲ್ಲ, ಸಪೂರ ನಾಳ ಎಲ್ಲಿ ಹುಟ್ಟಿ ಎಲ್ಲಿ ಮುಗಿಯಿತು ಎಂದು ಗೆರೆ ಎಳೆದಂತೆ ತೋರಿಸುತ್ತದೆ. ಚಿಕ್ಕ ಮಕ್ಕಳಿಗೆ ನಿದ್ದೆ ಬರಿಸಬೇಕು, ಹಾಗಾಗಿ ಖಾಲಿಹೊಟ್ಟೆಯಲ್ಲಿ ಬರಲು ಹೇಳುತ್ತಾರೆ. ಮೂರು ತಿಂಗಳೊಳಗಿನ ಕೂಸಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿದರೆ ಎಷ್ಟೋ ಸಲ ಸಾಕಾಗುತ್ತದೆ. ಆ ಹುಡುಗಿಯ ಎಡ ಕಿಡ್ನಿಯ ಮೇಲ್ತುದಿಯಲ್ಲಿ ಚೂರು ಭಾಗ, ಅಲ್ಲಿಂದ ಹೊರಟ ಕೂದಲೆಳೆಯಂಥ ಬಿಳಿ ಗೆರೆ ಮೂತ್ರಕೋಶದ ಹಿಂದೆ ಇಳಿದು ಯೋನಿಯ ಬಳಿ ಮುಗಿದಿತ್ತು. ಸರ್ಜರಿ ಆದ ಮೇಲೆ ಅವಳು ಒದ್ದೆಯಾಗಲಿಲ್ಲ.

ಸಿಟಿ ಸ್ಕ್ಯಾನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮಕ್ಕಳ ಹುಟ್ಟುದೋಷಕ್ಕೆ ಅದು ಮೊದಲ ಆಯ್ಕೆಯಲ್ಲ, ವಿಕಿರಣ ಹೆಚ್ಚು. ಬೇಗ ಆಗುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ. ಯಾವ ಪ್ರಶ್ನೆಗೆ ಇದು ಬೇಕು ಎಂದು ಕೇಳಿ.

ದೊಡ್ಡವರಾದ ಮೇಲೆ ಗೊತ್ತಾಗುವವು

ಹುಟ್ಟಿನ ದೋಷವಾದರೂ ಮೂವತ್ತು, ನಲವತ್ತರಲ್ಲಿ ಹೊರಬೀಳುವುದುಂಟು. ಬಲಗಡೆ ಪಕ್ಕೆನೋವೆಂದು ಬಂದವರಿಗೆ ಕಿಡ್ನಿ ಊದಿದೆ, ಕಲ್ಲು ಮಾತ್ರ ಇಲ್ಲ ಎಂದಾದರೆ ಮೂತ್ರನಾಳ ವೀನ ಕೇವ ಎಂಬ ದೊಡ್ಡ ರಕ್ತನಾಳದ ಹಿಂದೆ ಸುತ್ತಿಕೊಂಡಿರಬಹುದು. ಸೊಂಟದ ಮೂರನೇ, ನಾಲ್ಕನೇ ಕಶೇರುಗಳ ಮಟ್ಟದಲ್ಲಿ ನಾಳ ಒಳಮುಖವಾಗಿ ಕೊಕ್ಕೆಯಂತೆ ತಿರುಗಿರುತ್ತದೆ. ದೊಡ್ಡವರಿಗೆ ಇದನ್ನು ಸಿಟಿ ಯೂರೋಗ್ರಫಿ ಚೆನ್ನಾಗಿ ತೋರಿಸುತ್ತದೆ, ಅಲ್ಲಿ ಹಿಂಜರಿಯಬೇಕಿಲ್ಲ. ಕುದುರೆಲಾಳದ ಕಿಡ್ನಿ ಬಹಳ ಸಲ ಕಲ್ಲಿನ ಸ್ಕ್ಯಾನಿಂಗ್‌ನಲ್ಲಿ ಮೊದಲ ಸಲ ಗೊತ್ತಾಗುತ್ತದೆ. ಸೊಂಟದಲ್ಲಿರುವ ಕಿಡ್ನಿಯನ್ನು ಗಡ್ಡೆ ಎಂದು ತಪ್ಪು ತಿಳಿಯುವ ಅಪಾಯ ಹೆಂಗಸರಲ್ಲಿ ಹೆಚ್ಚು. ಗಡ್ಡೆ ಎಂದು ಆಪರೇಷನ್‌ಗೆ ಬರೆದುಕೊಟ್ಟರೆ, ಎರಡೂ ಕಿಡ್ನಿ ತಮ್ಮ ಜಾಗದಲ್ಲಿವೆಯೇ ಎಂದು ರಿಪೋರ್ಟಿನಲ್ಲಿ ಇದೆಯೇ ನೋಡಿಕೊಳ್ಳಿ.

ಫೈಲ್ ಮತ್ತು ಮುಂದಿನ ವರ್ಷಗಳು

ಪ್ರತಿ ಸ್ಕ್ಯಾನಿನ ರಿಪೋರ್ಟಿನ ಜೊತೆ ಫಿಲ್ಮ್ ಅಥವಾ ಸಿಡಿಯನ್ನೂ ಕೇಳಿ ಪಡೆಯಿರಿ. ರಿಪೋರ್ಟಿನ ಹಾಳೆಯೊಂದೇ ಸಾಲದು, ಚಿತ್ರ ಕೈಯಲ್ಲಿದ್ದರೆ ಇನ್ನೊಬ್ಬ ಡಾಕ್ಟರು ಮತ್ತೊಮ್ಮೆ ನೋಡಬಹುದು. ಗರ್ಭದಲ್ಲಿದ್ದಾಗಿನ ತಾಯಿ ಕಾರ್ಡನ್ನೂ ಅದೇ ಪ್ಲಾಸ್ಟಿಕ್ ಕವರಿನಲ್ಲಿಡಿ. ಮೊದಲ ಪುಟದಲ್ಲಿ ದಿನಾಂಕ, ಬಲ ಮತ್ತು ಎಡ ಕಿಡ್ನಿಯ ಅಳತೆ, ಊತದ ಅಂಕಿ, ಜ್ವರ ಬಂದ ದಿನ, ಮೂತ್ರ ಪರೀಕ್ಷೆಯಲ್ಲಿ ಏನು ಬಂತು ಎಂದು ನೀವೇ ಬರೆಯುತ್ತಾ ಬನ್ನಿ. ಮಗುವಿಗೆ ಕಾರಣ ತಿಳಿಯದ ಜ್ವರ ಬಂದಾಗ ಆಂಟಿಬಯಾಟಿಕ್ ಶುರುಮಾಡುವ ಮುಂಚೆ ಮೂತ್ರ ಕಲ್ಚರ್‌ಗೆ ಕೊಡಿ. ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರದಲ್ಲಿ ಚರ್ಮದ ಕೊಳೆ ಸೇರಿ ಸುಳ್ಳು ಸೋಂಕು ತೋರಿಸುತ್ತದೆ. ನಡುಧಾರೆಯಲ್ಲಿ ಹಿಡಿದದ್ದೋ ಟ್ಯೂಬಿನಿಂದ ತೆಗೆದದ್ದೋ ಆಗಬೇಕು.

ರಿಫ್ಲಕ್ಸ್ ಇರುವ ಮಗುವಿನ ಅಕ್ಕತಂಗಿ, ಅಣ್ಣತಮ್ಮಂದಿರಲ್ಲೂ ಅದು ಇರುವ ಸಾಧ್ಯತೆ ಸಾಮಾನ್ಯರಿಗಿಂತ ಹೆಚ್ಚು. ಅವರಿಗೂ ಒಂದು ಅಲ್ಟ್ರಾಸೌಂಡ್ ಮಾಡಿಸಿ. ಅವರು ಆರೋಗ್ಯವಾಗಿದ್ದರೆ ಎಂಸಿಯು ಬೇಡ. ಒಂದೇ ಕಿಡ್ನಿ ಇರುವವರು, ಕಿಡ್ನಿಯಲ್ಲಿ ಕಲೆ ಉಳಿದವರು ವರ್ಷಕ್ಕೊಮ್ಮೆ ಬಿಪಿ ನೋಡಿಸಿಕೊಂಡು ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಪರೀಕ್ಷಿಸಬೇಕು. ಮಕ್ಕಳಿಗೆ ಬಿಪಿ ನೋಡುವಾಗ ತೋಳಿಗೆ ತಕ್ಕ ಚಿಕ್ಕ ಪಟ್ಟಿ ಬೇಕು, ದೊಡ್ಡವರ ಪಟ್ಟಿಯಲ್ಲಿ ತಪ್ಪು ಅಂಕಿ ಬರುತ್ತದೆ. ಹೆಣ್ಣುಮಕ್ಕಳು ಮುಂದೆ ಬಸುರಿಯಾದಾಗ ಮೊದಲ ತಪಾಸಣೆಯಲ್ಲೇ ಈ ಹಳೆಯ ಫೈಲನ್ನು ಹೆರಿಗೆ ಡಾಕ್ಟರಿಗೆ ತೋರಿಸಲಿ.